ರಂಗಪ್ರಶ್ನೆ: ಚಪ್ಪಾಳೆ ಬಿತ್ತು, ಆಮೇಲೆ?

ಈ ಸಲ ಬಂದ ಪತ್ರಗಳನ್ನು ಮೇಜಿನ ಮೇಲೆ ಹರಡಿಕೊಂಡು ಕೂತೆ. ಅರ್ಧಕ್ಕರ್ಧ ಜನ ಸುತ್ತಿಬಳಸಿ ಕೇಳಿರುವುದು ಒಂದೇ ಪ್ರಶ್ನೆ: ನಾಟಕ ಆಡಿದರೆ ಅನ್ಯಾಯ ಕಡಿಮೆಯಾಗುತ್ತದೆಯೇ? ಮೂವತ್ತು ವರ್ಷ ಬಣ್ಣ ಹಚ್ಚಿದ್ದೇನೆ, ಹಚ್ಚಿಸಿದ್ದೇನೆ, ಅದಕ್ಕಿಂತ ಹೆಚ್ಚಾಗಿ ಆಟ ಮುಗಿದ ಮೇಲೆ ಕುರ್ಚಿ ಎತ್ತಿಟ್ಟಿದ್ದೇನೆ. ಆದರೂ ಎದೆ ತಟ್ಟಿಕೊಂಡು ‘ಹೌದು’ ಎನ್ನುವ ಧೈರ್ಯ ನನಗಿಲ್ಲ. ಯಾವಾಗ ಆಗುವುದಿಲ್ಲ ಎಂಬುದು ಮಾತ್ರ ಚೆನ್ನಾಗಿ ಗೊತ್ತು. ಐದು ಪತ್ರ ಆರಿಸಿದ್ದೇನೆ. ಹೆಸರು ಬೇಡ ಎಂದವರದ್ದನ್ನೂ ಹಾಕಿ ಎಂದವರದ್ದನ್ನೂ ಬಿಟ್ಟಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಅಕ್ಕಾ, ನಾನು ಪ್ರೌಢಶಾಲೆಯ ಶಿಕ್ಷಕಿ. ನಮ್ಮ ತರಗತಿಯಲ್ಲಿ ತೊದಲು ಮಾತಿನ ಹುಡುಗನೊಬ್ಬನನ್ನು ಉಳಿದವರು ಅಣಕಿಸುತ್ತಾರೆ. ವಾರ್ಷಿಕೋತ್ಸವಕ್ಕೆ ಇದೇ ವಿಷಯದ ಮೇಲೆ ನಾಟಕ ಬರೆದು ಮಾಡಿಸಿದೆ. ಕೊನೆಯಲ್ಲಿ ಟೀಚರ್ ಬಂದು ಬುದ್ಧಿ ಹೇಳುತ್ತಾರೆ, ಎಲ್ಲರೂ ಕ್ಷಮೆ ಕೇಳುತ್ತಾರೆ. ಭರ್ಜರಿ ಚಪ್ಪಾಳೆ ಬಿತ್ತು, ಕೆಲವು ತಾಯಂದಿರು ಕಣ್ಣೊರೆಸಿಕೊಂಡರು. ಮಾರನೆಯ ದಿನ ಅದೇ ಹುಡುಗರು, ಅದೇ ಅಣಕ. ಈಗ ನಾಟಕದ ಡೈಲಾಗನ್ನೂ ಸೇರಿಸಿಕೊಂಡು ಅಣಕಿಸುತ್ತಿದ್ದಾರೆ. ಎಲ್ಲಿ ತಪ್ಪಿದೆ?

ಕೊನೆಯ ದೃಶ್ಯದಲ್ಲಿ ತಪ್ಪಿದಿರಿ. ನಗಬೇಡಿ, ನಾನೂ ಹತ್ತು ವರ್ಷ ಅಲ್ಲೇ ತಪ್ಪುತ್ತಿದ್ದೆ.

ನಿಮ್ಮ ನಾಟಕದಲ್ಲಿ ಸಮಸ್ಯೆಯನ್ನು ಹುಟ್ಟಿಸಿದವರೂ ನೀವೇ, ಬಗೆಹರಿಸಿದವರೂ ನೀವೇ. ನೋಡುವವರಿಗೆ ಮಾಡುವುದಕ್ಕೆ ಏನು ಉಳಿಯಿತು? ಚಪ್ಪಾಳೆ ತಟ್ಟುವುದು. ತಟ್ಟಿದರು, ಹಗುರಾಗಿ ಮನೆಗೆ ಹೋದರು. ಇನ್ನೊಂದು ಮಾತು ಸೂಕ್ಷ್ಮವಾಗಿ ಹೇಳುತ್ತೇನೆ: ನಾಟಕದಲ್ಲಿ ಬಂದು ಎಲ್ಲವನ್ನೂ ಸರಿಮಾಡುವ ಟೀಚರ್ ಯಾರು? ಬರೆದವರು ತಮ್ಮನ್ನೇ ದೇವರ ಪಾತ್ರದಲ್ಲಿ ಇಳಿಸಿಕೊಳ್ಳುವುದು ನಮ್ಮ ಕಸುಬಿನ ಹಳೇ ಚಾಳಿ.

ಬ್ರೆಜಿಲ್‌ನ ರಂಗನಿರ್ದೇಶಕ ಆಗಸ್ಟೊ ಬೋಲ್ (1931–2009) ಈ ಚಾಳಿಯಿಂದ ಹೊರಬಂದ ಕತೆ ಹೇಳುತ್ತೇನೆ. 1971ರಲ್ಲಿ ಅಲ್ಲಿನ ಸೈನಿಕ ಸರ್ಕಾರ ಅವರನ್ನು ಹಿಡಿದು ಹಿಂಸಿಸಿತು, ಬಿಡುಗಡೆಯಾದ ಮೇಲೆ ಅವರು ದೇಶ ಬಿಟ್ಟರು. 1973ರಲ್ಲಿ ಪೆರು ದೇಶದ ಸಾಕ್ಷರತಾ ಕಾರ್ಯಕ್ರಮವೊಂದರಲ್ಲಿ ಕೆಲಸ ಮಾಡುತ್ತಿದ್ದಾಗ ಅವರದ್ದೊಂದು ಪದ್ಧತಿಯಿತ್ತು. ಊರಿನವರು ಹೇಳಿದ ಕತೆಯನ್ನು ನಟರು ಆಡುವುದು, ಕಗ್ಗಂಟಿಗೆ ಬಂದಾಗ ನಿಲ್ಲಿಸಿ ‘ಈಗ ಏನು ಮಾಡಬೇಕು?’ ಎಂದು ಪ್ರೇಕ್ಷಕರನ್ನು ಕೇಳುವುದು, ಅವರು ಹೇಳಿದಂತೆ ಮುಂದೆ ಆಡುವುದು. ಒಂದು ದಿನದ ಕತೆ ಹೀಗಿತ್ತು. ಗಂಡ ಒಂದಷ್ಟು ಕಾಗದ ಕೊಟ್ಟು ಜೋಪಾನವಾಗಿಡು ಎಂದಿದ್ದಾನೆ. ಹೆಂಡತಿಗೆ ಓದು ಬಾರದು. ನೆರೆಯವಳ ಹತ್ತಿರ ಓದಿಸಿದರೆ ಅವು ಆಸ್ತಿ ಪತ್ರಗಳಲ್ಲ, ಅವನಿಗೆ ಬೇರೊಬ್ಬಳು ಬರೆದ ಪ್ರೇಮಪತ್ರಗಳು. ಗಂಡ ಮನೆಗೆ ಬರುವ ಹೊತ್ತಾಯಿತು, ಏನು ಮಾಡಲಿ?

ಪ್ರೇಕ್ಷಕರಲ್ಲಿ ಕೂತಿದ್ದ ದಪ್ಪನೆಯ ಹೆಂಗಸೊಬ್ಬಳು, ‘ಅವನ ಹತ್ತಿರ ಸ್ಪಷ್ಟವಾಗಿ ಮಾತಾಡಿ, ಆಮೇಲೆ ಕ್ಷಮಿಸಬೇಕು’ ಎಂದಳು. ನಟಿ ಸ್ಪಷ್ಟವಾಗಿ ಮಾತಾಡಿದಳು. ‘ಹಾಗಲ್ಲ’ ಎಂದಳು ಆಕೆ. ಇನ್ನಷ್ಟು ಸ್ಪಷ್ಟವಾಗಿ ಆಡಿ ತೋರಿಸಿದರೂ ಆಕೆಗೆ ಒಪ್ಪಿಗೆಯಾಗಲಿಲ್ಲ. ಬೋಲ್ ಸಾಕಾಗಿ, ನೀವೇ ಬಂದು ಮಾಡಿ ತೋರಿಸಿ ಎಂದರು. ಆಕೆ ವೇದಿಕೆ ಹತ್ತಿ ಪೊರಕೆ ಕೈಗೆತ್ತಿಕೊಂಡು ಗಂಡನ ಪಾತ್ರಧಾರಿಗೆ ಚೆನ್ನಾಗಿ ಬಾರಿಸಿದಳು. ಆಕೆಯ ಪ್ರಕಾರ ‘ಸ್ಪಷ್ಟವಾಗಿ ಮಾತಾಡುವುದು’ ಎಂದರೆ ಅದು! ಪಾಪ, ಆ ನಟ. ಆದರೆ ಅವತ್ತು ಬೋಲ್‌ಗೆ ಒಂದು ವಿಷಯ ತಿಳಿಯಿತು. ಪ್ರೇಕ್ಷಕಿಯ ಮಾತನ್ನು ನಟರು ತಮ್ಮ ಬಾಯಿಂದ ಆಡಿದರೆ ಅದು ಅವಳ ಮಾತಾಗಿ ಉಳಿಯುವುದಿಲ್ಲ. ಅವಳಿಗೇ ಜಾಗ ಬಿಡಬೇಕು. ಫೋರಂ ಥಿಯೇಟರ್ ಹುಟ್ಟಿದ್ದು ಹೀಗೆ.

ನಿಮ್ಮ ತರಗತಿಯಲ್ಲಿ ಮಾಡುವುದಾದರೆ ವೇದಿಕೆ ಬೇಡ, ವಾರ್ಷಿಕೋತ್ಸವ ಮೊದಲೇ ಬೇಡ. ಹತ್ತು ನಿಮಿಷದ ನಾಟಕ ಸಾಕು. ಅಣಕ ಶುರುವಾಗುತ್ತದೆ, ಬೆಳೆಯುತ್ತದೆ, ಆ ಹುಡುಗ ಸೋಲುತ್ತಾನೆ, ಮುಗಿಯಿತು. ಹಾಗೇ ಬಿಡಿ. ಆಮೇಲೆ ‘ಇದನ್ನೇ ಮೊದಲಿಂದ ಆಡುತ್ತೇವೆ, ಯಾರಿಗೆ ಎಲ್ಲಿ ಬೇರೇನಾದರೂ ಮಾಡಬಹುದಿತ್ತು ಅನ್ನಿಸುತ್ತದೋ ಅಲ್ಲಿ ನಿಲ್ಲಿಸಿ ಎಂದು ಕೂಗಿ’ ಎನ್ನಿ. ಕೂಗಿದವರು ಬಂದು ಪಾತ್ರಧಾರಿಯ ಜಾಗದಲ್ಲಿ ನಿಂತು ಆಡಬೇಕು. ಅಣಕಿಸುವವನ ಜಾಗಕ್ಕೆ ಹೋಗಿ ಅವನನ್ನು ಒಳ್ಳೆಯವನಾಗಿಸುವುದಕ್ಕೆ ಅನುಮತಿ ಇಲ್ಲ. ನಿಜಜೀವನದಲ್ಲಿ ಅಂಥ ಮಂತ್ರ ಯಾರ ಹತ್ತಿರವೂ ಇಲ್ಲವಲ್ಲ. ಅಣಕಿಸುವ ಪಾತ್ರಧಾರಿಗಳೂ ಸುಲಭವಾಗಿ ಸೋಲಬಾರದು, ಪಟ್ಟು ಬಿಡದೆ ಆಡಬೇಕು. ನಡುವೆ ನಿಂತು ನಡೆಸುವವರನ್ನು ಬೋಲ್ ‘ಜೋಕರ್’ ಎಂದು ಕರೆದರು. ನಗಿಸುವವನೆಂಬ ಅರ್ಥದಲ್ಲಲ್ಲ, ಇಸ್ಪೀಟಿನ ಎಲೆಯ ಅರ್ಥದಲ್ಲಿ, ಯಾವ ಪಂಗಡಕ್ಕೂ ಸೇರದವನು. ಆ ಕೆಲಸ ನಿಮ್ಮದು. ಉತ್ತರ ಹೇಳುವಂತಿಲ್ಲ, ‘ಹೀಗೆ ಮಾಡಿದರೆ ನಡೆಯುತ್ತದಾ?’ ಎಂದು ಕೇಳಬಹುದಷ್ಟೆ. ಟೀಚರಿಗೆ ಇದು ಬಲು ಕಷ್ಟ!

ಒಂದು ಶಾಲೆಯಲ್ಲಿ ನಾನು ಇಂಥದ್ದೇ ನಾಟಕ ನಡೆಸಿದ್ದೆ. ಅಲ್ಲಿ ಅಣಕಕ್ಕೆ ಕಾರಣ ಹುಡುಗನ ನಡಿಗೆ. ಮೊದಲು ಬಂದವನು ಹೊಡೆದಾಟಕ್ಕೆ ಇಳಿದ. ನಾಟಕ ಮುಂದುವರಿದು ಹೆಡ್‌ಮಾಸ್ಟರ್ ಕೋಣೆಯಲ್ಲಿ ನಿಂತವನು ಅವನೇ. ಎರಡನೆಯವಳು ಟೀಚರಿಗೆ ದೂರು ಕೊಟ್ಟಳು. ಟೀಚರ್ ಪಾತ್ರದ ಹುಡುಗಿ ನೋಟ್‌ಬುಕ್ಕಿನಿಂದ ತಲೆ ಎತ್ತದೆ ‘ತಮಾಷೆಗೆ ಅಂದಿದ್ದಾರೆ ಬಿಡು’ ಎಂದಳು. ಇಡೀ ತರಗತಿ ಗೊಳ್ಳೆಂದು ನಕ್ಕಿತು, ಹಿಂದೆ ನಿಂತಿದ್ದ ನಿಜವಾದ ಟೀಚರ್ ನಗಲಿಲ್ಲ. ಆಮೇಲೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, ‘ನಾನು ಅವನ ಪಾತ್ರ ಮಾಡಲ್ಲ, ಪಕ್ಕದಲ್ಲಿ ಕೂತಿರೋಳ ಪಾತ್ರ ಮಾಡಲಾ?’ ಎಂದಳು. ಪಕ್ಕದವಳಿಗೆ ನಾಟಕದಲ್ಲಿ ಮಾತೇ ಇರಲಿಲ್ಲ, ಅಣಕಿಸಿದಾಗ ನಗುವುದಷ್ಟೇ ಕೆಲಸ. ಈ ಹುಡುಗಿ ಬಂದು ಕೂತಳು, ನಗಲಿಲ್ಲ. ಅಷ್ಟೇ. ಅಣಕಿಸುವವನು ನಡೆದು ತೋರಿಸಿ ಅವಳತ್ತ ನೋಡಿದ, ಇನ್ನೊಂದು ಸಲ ನಡೆದ, ಮತ್ತೆ ನೋಡಿದ. ಮೂರನೆಯ ಸಲಕ್ಕೆ ಅವನ ಕಾಲು ತಡವರಿಸಿತು. ‘ಮಿಸ್, ಇವಳು ನಗದಿದ್ರೆ ನಾನು ಹೇಗೆ ಮಾಡೋದು?’ ಎಂದು ನನ್ನ ಕಡೆ ತಿರುಗಿದ. ನನಗೆ ಹೇಳುವುದಕ್ಕೆ ಏನೂ ಉಳಿದಿರಲಿಲ್ಲ.

ಒಂದು ಎಚ್ಚರಿಕೆ. ತೊದಲುವ ಹುಡುಗ ಇರುವ ತರಗತಿಯಲ್ಲಿ ತೊದಲುವ ಪಾತ್ರ ಇಡಬೇಡಿ. ಕಾರಣ ಬೇರೆ ಮಾಡಿ, ಕನ್ನಡಕ, ಎತ್ತರ, ಹಳೇ ಬ್ಯಾಗು, ಏನಾದರೂ ಸರಿ. ಅವನ ಗಾಯವನ್ನು ನೀವು ಈಗಾಗಲೇ ಒಂದು ಸಲ ಮೈಕಿನಲ್ಲಿ ಓದಿಸಿದ್ದೀರಿ.

ಪ್ರಶ್ನೆ: ನಮ್ಮ ಹವ್ಯಾಸಿ ತಂಡದ ಹೊಸ ನಾಟಕದ ನಾಯಕಿ ಅಂಧೆ. ಒಳ್ಳೆಯ ನಟಿ ಸಿಕ್ಕಿದ್ದಾಳೆ, ಆದರೆ ಆಕೆಗೆ ಕಣ್ಣು ಕಾಣುತ್ತದೆ. ‘ಅಂಧರನ್ನೇ ಹಾಕಬೇಕಿತ್ತು’ ಎಂದು ಕೆಲವರ ಆಕ್ಷೇಪ. ಅಭಿನಯ ಅಂದರೆ ಬೇರೆಯವರಾಗುವುದೇ ಅಲ್ಲವೇ? ಹಾಗಾದರೆ ಕೊಲೆಗಾರನ ಪಾತ್ರಕ್ಕೆ ಕೊಲೆಗಾರನನ್ನೇ ತರಬೇಕೇ?

ಕೊಲೆಗಾರರಿಗೆ ರಂಗಭೂಮಿಯ ಬಾಗಿಲು ಮುಚ್ಚಿದೆ ಎಂದು ಯಾರೂ ಪತ್ರ ಬರೆದಿಲ್ಲ ಸ್ವಾಮಿ. ಅಂಧ ನಟಿಯರು ಬರೆದಿದ್ದಾರೆ. ವಾದದಲ್ಲಿ ನೀವು ಗೆಲ್ಲಬಹುದು, ಒಪ್ಪುತ್ತೇನೆ. ಅಭಿನಯ ಎಂದರೆ ಪರಕಾಯ ಪ್ರವೇಶವೇ. ಆದರೆ ಪ್ರವೇಶಿಸುವ ಅವಕಾಶ ಎಲ್ಲರಿಗೂ ಇದ್ದಾಗ ಆ ಮಾತಿಗೆ ಬೆಲೆ. ನಿಮ್ಮ ತಂಡದ ಹಿಂದಿನ ನಾಟಕಗಳಲ್ಲಿ ರಾಣಿಯ, ವಕೀಲೆಯ, ಜಗಳಗಂಟಿ ಅತ್ತೆಯ ಪಾತ್ರಕ್ಕೆ ಎಂದಾದರೂ ಅಂಧ ನಟಿಯನ್ನು ಕರೆದಿದ್ದೀರಾ? ಕರೆದಿದ್ದರೆ ಈ ಪಾತ್ರವನ್ನು ಯಾರಿಗೆ ಬೇಕಾದರೂ ಕೊಡಿ.

ಬ್ರಿಟನ್‌ನಲ್ಲಿ 1980ರಲ್ಲಿ ನಬಿಲ್ ಶಬಾನ್ ಮತ್ತು ರಿಚರ್ಡ್ ಟಾಮ್ಲಿನ್ಸನ್ ಸೇರಿ ‘ಗ್ರೇಯೈ’ ಎಂಬ ತಂಡ ಕಟ್ಟಿದರು. ಅಂಗವೈಕಲ್ಯವುಳ್ಳ ಕಲಾವಿದರೇ ಮುಂದಾಳುಗಳಾದ ವೃತ್ತಿಪರ ತಂಡ. ಗ್ರೀಕ್ ಪುರಾಣದಲ್ಲಿ ಮೂವರು ಅಕ್ಕತಂಗಿಯರಿದ್ದಾರೆ, ಮೂವರಿಗೂ ಸೇರಿ ಒಂದೇ ಕಣ್ಣು, ಒಂದೇ ಹಲ್ಲು, ಹಂಚಿಕೊಂಡು ಬಾಳುತ್ತಾರೆ. ಹೆಸರು ಅವರದ್ದು. ಇಂಥ ಹೆಸರು ಇಟ್ಟುಕೊಂಡವರಿಗೆ ಕನಿಕರ ಬೇಕಿರಲಿಲ್ಲ ಎಂಬುದು ಗೊತ್ತಾಗುತ್ತದಲ್ಲ? 1997ರಿಂದ ಅದನ್ನು ನಡೆಸಿದ ಜೆನ್ನಿ ಸೀಲಿಗೆ ಕಿವಿ ಕೇಳದು. 2012ರ ಲಂಡನ್ ಪ್ಯಾರಾಲಿಂಪಿಕ್ಸ್ ಉದ್ಘಾಟನಾ ಸಮಾರಂಭದ ನಿರ್ದೇಶಕರಿಬ್ಬರಲ್ಲಿ ಆಕೆ ಒಬ್ಬರು. ಆ ತಂಡದವರಿಗೆ ಸನ್ನೆಭಾಷೆ ವೇದಿಕೆಯ ಮೂಲೆಯಲ್ಲಿ ನಿಲ್ಲಿಸುವ ಅನುವಾದಕಿಯ ಕೆಲಸವಲ್ಲ, ಪಾತ್ರಗಳೇ ಆಡುವ ಭಾಷೆ. ಕಾಣದವರಿಗಾಗಿ ಹೇಳಬೇಕಾದ ದೃಶ್ಯವಿವರ ಸಂಭಾಷಣೆಯೊಳಗೇ ಹೆಣೆದುಕೊಂಡಿರುತ್ತದೆ.

ಈಗ ನನ್ನ ಮಾನ ಹೋದ ಕತೆ. ನಮ್ಮ ತಂಡಕ್ಕೆ ಅಂಧ ನಟಿಯೊಬ್ಬಳು ಬಂದಾಗ ನಾನು ಮೊದಲ ದಿನವೇ ಆಕೆಗೆ ಅಂಧರ ನಡಿಗೆ ಹೇಳಿಕೊಟ್ಟೆ! ಕೈ ಮುಂದೆ ಚಾಚಿ, ಗಲ್ಲ ಮೇಲೆತ್ತಿ. ಆಕೆ ತಾಳ್ಮೆಯಿಂದ ಕೇಳಿಸಿಕೊಂಡು, ‘ಮೇಡಂ, ಇದು ಸಿನಿಮಾದವರ ನಡಿಗೆ. ನಾನು ದಿನಾ ಬಸ್ಸಲ್ಲಿ ಬರ್ತೀನಿ’ ಎಂದಳು. ಬೆಂಚಿನಿಂದ ಬಾಗಿಲಿಗೆ ಹನ್ನೊಂದು ಹೆಜ್ಜೆ ಎಂದು ಎಣಿಸಿಟ್ಟುಕೊಂಡಳು. ಒಂದು ಸಂಜೆ ಯಾರೋ ಬೆಂಚನ್ನು ಗೇಣಷ್ಟು ಸರಿಸಿದ್ದರು, ಕೂತ ತಕ್ಷಣ ‘ಇದು ನಿನ್ನೆಯ ಜಾಗ ಅಲ್ಲ’ ಎಂದಳು. ವೇದಿಕೆಯ ಅಂಚಿನಿಂದ ಎರಡು ಹೆಜ್ಜೆ ಒಳಗೆ ಜಮಖಾನದಡಿ ತೆಳ್ಳನೆಯ ಹಗ್ಗ ಹಾಸಿ ಅಂಟಿಸಿದೆವು, ಕಾಲಿಗೆ ತಗುಲಿದರೆ ಅಂಚು ಬಂತೆಂದು ಅರ್ಥ. ಆಮೇಲೆ ಕತ್ತಲಲ್ಲಿ ಪ್ರವೇಶಿಸುವ ಉಳಿದ ನಟರೆಲ್ಲ ಅದೇ ಹಗ್ಗವನ್ನು ನೆಚ್ಚಿಕೊಂಡರು. ಕಣ್ಣು ಕಾಣುವ ನಟಿಯನ್ನೇ ನೀವು ಇಟ್ಟುಕೊಂಡರೂ ತಾಲೀಮಿನ ಕೋಣೆಗೆ ಅಂಧರೊಬ್ಬರನ್ನು ಮೊದಲ ದಿನದಿಂದ ಕರೆಯಿರಿ, ಸಂಭಾವನೆ ಕೊಟ್ಟು. ಕೊನೆಯ ವಾರ ಕರೆದು ‘ಸರಿಯಾಗಿದೆಯಾ?’ ಎಂದು ಕೇಳಿದರೆ ಪಾಪ ಅವರು ‘ಚೆನ್ನಾಗಿದೆ’ ಎನ್ನದೆ ಏನು ಮಾಡುತ್ತಾರೆ?

ಮೆಟ್ಟಿಲುಗಳನ್ನೂ ನೋಡಿಕೊಳ್ಳಿ. ಒಂದು ರಂಗಮಂದಿರದಲ್ಲಿ ಪ್ರೇಕ್ಷಕರ ಬಾಗಿಲಿಗೆ ಚೊಕ್ಕಟವಾದ ರ‍್ಯಾಂಪ್ ಇತ್ತು, ಗ್ರೀನ್ ರೂಮಿಗೆ ಮೂರು ಮೆಟ್ಟಿಲು. ವೀಲ್‌ಚೇರಿನ ನಟನನ್ನು ಇಬ್ಬರು ಎತ್ತಿಕೊಂಡು ಹೋದರು. ರಾಜನ ವೇಷದಲ್ಲಿದ್ದ ಆತ ಎತ್ತಿಸಿಕೊಳ್ಳುವಾಗ ಕಿರೀಟ ಕಳಚಿ ಕೈಯಲ್ಲಿ ಹಿಡಿದುಕೊಂಡದ್ದು ನನಗೆ ಮರೆಯದು. ಕಟ್ಟಿದವರ ತಲೆಯಲ್ಲಿ ಅಂಗವಿಕಲರು ನೋಡುವವರು, ಆಡುವವರಲ್ಲ. ಬಡ ರಂಗಮಂದಿರಗಳ ಕತೆಯಷ್ಟೇ ಅಲ್ಲ ಇದು. 2019ರಲ್ಲಿ ಆಲಿ ಸ್ಟ್ರೋಕರ್ ಅಮೆರಿಕದ ರಂಗಭೂಮಿಯ ದೊಡ್ಡ ಪ್ರಶಸ್ತಿಯಾದ ಟೋನಿ ಗೆದ್ದರು, ವೀಲ್‌ಚೇರ್ ಬಳಸುವ ನಟರಲ್ಲಿ ಅದನ್ನು ಪಡೆದ ಮೊದಲಿಗರು. ಆ ಸಮಾರಂಭದಲ್ಲೂ ಪ್ರೇಕ್ಷಕರ ಸಾಲಿನಿಂದ ವೇದಿಕೆಗೆ ರ‍್ಯಾಂಪ್ ಇರಲಿಲ್ಲ. ತಮ್ಮ ಹೆಸರು ಕೂಗುವುದನ್ನು ಅವರು ತೆರೆಮರೆಯಲ್ಲಿ ಕಾದು ಕೇಳಬೇಕಾಯಿತು.

ಪ್ರಶ್ನೆ: ಮದುವೆಯಲ್ಲಿ ತುಂಬಾ ಹಿಂಸೆ ಅನುಭವಿಸಿ ಹೊರಬಂದವಳು ನಾನು. ಒಂದು ಸಂಸ್ಥೆಯ ನಾಟಕ ಶಿಬಿರಕ್ಕೆ ಸೇರಿದ್ದೇನೆ. ‘ನಿಮ್ಮ ಕತೆಯನ್ನೇ ವೇದಿಕೆಯಲ್ಲಿ ಹೇಳಿ, ಬೇರೆಯವರಿಗೆ ಧೈರ್ಯ ಬರುತ್ತದೆ’ ಎನ್ನುತ್ತಿದ್ದಾರೆ. ನನಗೆ ಇಷ್ಟವಿಲ್ಲ. ಇಲ್ಲ ಎಂದರೆ ಸ್ವಾರ್ಥಿಯಾಗುತ್ತೇನಾ?

ಇಲ್ಲಮ್ಮ. ಖಂಡಿತ ಇಲ್ಲ.

‘ಬೇಡ’ ಎನ್ನುವುದಕ್ಕೆ ಜಾಗವಿಲ್ಲದ ಮನೆಯಿಂದ ಹೊರಬಂದವರು ನೀವು. ಶಿಬಿರದಲ್ಲೂ ಆ ಜಾಗ ಇಲ್ಲವೆಂದರೆ ತಪ್ಪು ಶಿಬಿರದ್ದು. ಅವರು ಕೆಟ್ಟವರಿರಲಿಕ್ಕಿಲ್ಲ, ಆದರೆ ಪ್ರೇಕ್ಷಕರ ಕಣ್ಣೀರು ನಮ್ಮ ಕಸುಬಿನವರಿಗೆ ಒಂದು ಚಟ. ಅದನ್ನು ತರಿಸಲು ನಿಜವಾದ ಗಾಯ ಸಿಕ್ಕಿದರೆ ಬಿಡುವುದಿಲ್ಲ.

ನಾಟಕ ಮಾಡಬೇಕೆಂಬ ಆಸೆ ನಿಮಗಿದ್ದರೆ ಬೇರೆ ಏನಾದರೂ ಆಡಿ. ಹಾಸ್ಯ ಮಾಡಿ, ಅಧಿಕಾರಿಣಿಯ ಪಾತ್ರ ಮಾಡಿ, ಮರದ ಪಾತ್ರ ಮಾಡಿ. ಎಂದಾದರೂ ಹೇಳಬೇಕೆನಿಸಿದರೆ ನೀವೇ ಆಡಬೇಕೆಂದೇನಿಲ್ಲ. ಜೊನಾಥನ್ ಫಾಕ್ಸ್ ಮತ್ತು ಜೋ ಸಾಲಸ್ 1975ರಲ್ಲಿ ಅಮೆರಿಕದಲ್ಲಿ ಶುರುಮಾಡಿದ ‘ಪ್ಲೇಬ್ಯಾಕ್ ಥಿಯೇಟರ್’ ಎಂಬುದಿದೆ. ಅದರಲ್ಲಿ ಕತೆ ಹೇಳಿದವರು ಕೂತಿರುತ್ತಾರೆ, ನಟರು ಅದನ್ನು ಆ ಕ್ಷಣವೇ ಆಡಿ ತೋರಿಸುತ್ತಾರೆ. ನಮ್ಮ ಬದುಕನ್ನು ನಾವೇ ದೂರದಿಂದ ನೋಡುವ ಅನುಭವ ಅದು. ಕೆಲವರಿಗೆ ಹಗುರವಾಗುತ್ತದೆ, ಕೆಲವರಿಗೆ ಆಗುವುದಿಲ್ಲ. ಹೇಳುವ ಮುಂಚೆ ಒಂದು ಪ್ರಶ್ನೆ ಕೇಳಿ: ನಾಟಕ ಮುಗಿದು ಎಲ್ಲರೂ ಹೋದಮೇಲೆ, ಆ ರಾತ್ರಿ ನನಗೆ ನಿದ್ದೆ ಬರದಿದ್ದರೆ ನಾನು ಯಾರಿಗೆ ಫೋನ್ ಮಾಡಲಿ? ಸಂಘಟಕರ ಹತ್ತಿರ ಇದಕ್ಕೆ ಉತ್ತರ ಇಲ್ಲದಿದ್ದರೆ ನಿಮ್ಮ ಕತೆ ನಿಮ್ಮ ಹತ್ತಿರವೇ ಇರಲಿ.

ಪ್ರಶ್ನೆ: ಬೀದಿನಾಟಕದ ಕಾಲ ಮುಗಿಯಿತು ಅನ್ನಿಸುವುದಿಲ್ಲವೇ? ಒಂದು ರೀಲ್ ಮಾಡಿದರೆ ಲಕ್ಷ ಜನ ನೋಡುತ್ತಾರೆ. ನಿಮ್ಮ ನಾಟಕ ನೋಡುವವರು ಐವತ್ತು.

ಐವತ್ತು ಎಂದಿರಲ್ಲ, ಸಂತೋಷ. ಮಳೆ ಬಂದರೆ ಹದಿನೈದು.

ರೀಲ್ ಮಾಡಿ, ಬೇಡವೆನ್ನುವವಳಲ್ಲ. ಆದರೆ ಲಕ್ಷ ಜನರಲ್ಲಿ ಒಬ್ಬರೂ ಅದರೊಳಗೆ ಕಾಲಿಟ್ಟು ‘ಹಾಗಲ್ಲ’ ಎನ್ನಲಾರರು. ಕೀನ್ಯಾದ ಕಮೀರಿಥು ಎಂಬ ಹಳ್ಳಿಯಲ್ಲಿ 1977ರಲ್ಲಿ ಸಾಹಿತ್ಯದ ಪ್ರೊಫೆಸರ್ ಗೂಗಿ ವಾ ಥಿಯಾಂಗೊ ಮತ್ತು ಗೂಗಿ ವಾ ಮಿರೀ ಅಲ್ಲಿನ ಜನರ ಗಿಕುಯು ಭಾಷೆಯಲ್ಲಿ ನಾಟಕ ಬರೆದರು. ಆಡಿದವರು ಅಲ್ಲಿನ ರೈತರು, ಕಾರ್ಖಾನೆ ಕೆಲಸಗಾರರು. ಬಯಲು ರಂಗಮಂದಿರವನ್ನು ಕಟ್ಟಿದವರೂ ಅವರೇ. ತಾಲೀಮು ಬಯಲಲ್ಲೇ ನಡೆಯುತ್ತಿದ್ದುದರಿಂದ ದಾರಿಹೋಕರೂ ನಿಂತು ತಿದ್ದುತ್ತಿದ್ದರು. ಮುದುಕರು ಹೀಗೆ ಮಾತಾಡುವುದಿಲ್ಲ, ಗಾದೆ ಸೇರಿಸಿ ಎಂದು ಪ್ರೊಫೆಸರಿಗೇ ಭಾಷೆ ಕಲಿಸಿದರು. ಕೆಲವೇ ವಾರಗಳಲ್ಲಿ ಸರ್ಕಾರ ಪ್ರದರ್ಶನ ನಿಲ್ಲಿಸಿತು. ವರ್ಷದ ಕೊನೆಯ ದಿನ ಗೂಗಿ ವಾ ಥಿಯಾಂಗೊ ಜೈಲು ಸೇರಿದರು. 1982ರಲ್ಲಿ ಆ ಬಯಲು ರಂಗಮಂದಿರವನ್ನೇ ನೆಲಸಮ ಮಾಡಿದರು. ಹಳ್ಳಿಯ ಒಂದು ನಾಟಕಕ್ಕೆ ಇಷ್ಟು ಹೆದರಿದವರು ತಲೆ ಎಣಿಸುತ್ತಿರಲಿಲ್ಲ ಎಂದು ನನ್ನ ಅಂದಾಜು.

ನಾಟಕದಿಂದ ಕಾನೂನು ಆಗುತ್ತದಾ ಎಂದು ಇದೇ ಪತ್ರದ ಕೊನೆಯಲ್ಲಿ ಕೇಳಿದ್ದೀರಿ. ಆದದ್ದುಂಟು. ಮೇಲೆ ಹೇಳಿದ ಬೋಲ್ ಗಡಿಪಾರಿನಿಂದ ಮರಳಿ, 1993ರಿಂದ 1996ರವರೆಗೆ ರಿಯೊ ಡಿ ಜನೈರೊ ನಗರಸಭೆಯ ಸದಸ್ಯರಾಗಿದ್ದರು. ಬಡಾವಣೆಗಳಲ್ಲಿ ಫೋರಂ ನಾಟಕ ಆಡಿಸುವುದು, ಜನ ಎದ್ದು ಬಂದು ತೋರಿಸಿದ್ದನ್ನು ವಕೀಲರ ಮುಂದಿಟ್ಟು ಮಸೂದೆ ಮಾಡಿಸುವುದು, ಹೀಗೆ 13 ಕಾನೂನುಗಳು ಬಂದವು. ಅವರು ಮರುಚುನಾವಣೆಯಲ್ಲಿ ಸೋತರು ಎಂಬುದನ್ನೂ ಹೇಳಿಬಿಡುತ್ತೇನೆ.

ಪ್ರಶ್ನೆ: ನನ್ನ ಒಂಬತ್ತು ವರ್ಷದ ಮಗನಿಗೆ ಆಟಿಸಂ ಇದೆ. ಅವನಿಗೆ ನಾಟಕವೆಂದರೆ ಪ್ರಾಣ. ಆದರೆ ಖುಷಿಯಾದರೆ ಕೂಗುತ್ತಾನೆ, ಎದ್ದು ಓಡಾಡುತ್ತಾನೆ. ಕಳೆದ ಸಲ ಮುಂದಿನ ಸಾಲಿನವರು ತಿರುಗಿ ನೋಡಿದ ರೀತಿಗೆ ನಾನೇ ಎದ್ದು ಬಂದೆ. ಅವನು ನಾಟಕ ನೋಡುವುದು ಹೇಗೆ?

ನಿಮ್ಮ ಪತ್ರ ಓದಿ, ಆ ಮುಂದಿನ ಸಾಲಿನಲ್ಲಿ ನಾನೇ ಕೂತಿದ್ದೆನೇನೋ ಅನ್ನಿಸಿತು. ‘ಪ್ರೇಕ್ಷಕರು ಉಸಿರು ಬಿಗಿಹಿಡಿದು ಕೂತಿದ್ದರು’ ಎಂದು ಹೊಗಳಿಸಿಕೊಂಡು ಬೆಳೆದವರು ನಾವು.

‘ರಿಲ್ಯಾಕ್ಸ್ಡ್’ ಪ್ರದರ್ಶನ ಎಂಬುದು ಈಗ ಹಲವು ದೇಶಗಳಲ್ಲಿ ನಡೆಯುತ್ತಿದೆ. ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ 2011ರಲ್ಲಿ ‘ದಿ ಲಯನ್ ಕಿಂಗ್’ ಸಂಗೀತನಾಟಕವನ್ನು ಆಟಿಸಂ ಇರುವವರಿಗೂ ಅವರ ಮನೆಯವರಿಗೂ ಎಂದೇ ಒಂದು ದಿನ ಆಡಿದರು, ಅಲ್ಲಿ ಅಂಥದ್ದು ಅದೇ ಮೊದಲು. ನಾಟಕ ಬದಲಾಗುವುದಿಲ್ಲ, ಸುತ್ತಲಿನ ಗತ್ತು ಬದಲಾಗುತ್ತದೆ. ಸಭಾಂಗಣದ ದೀಪ ಪೂರ್ತಿ ಆರಿಸುವುದಿಲ್ಲ. ದಿಢೀರ್ ಸದ್ದು, ಕಣ್ಣು ಕುಕ್ಕುವ ಬೆಳಕನ್ನು ತಗ್ಗಿಸುತ್ತಾರೆ. ಬಾಗಿಲು ತೆರೆದೇ ಇರುತ್ತದೆ, ಎದ್ದು ಹೋಗಿ ಮತ್ತೆ ಬರಬಹುದು. ಪಕ್ಕದಲ್ಲೊಂದು ಸದ್ದಿಲ್ಲದ ಕೋಣೆ. ಎಲ್ಲಿಂದ ಒಳಗೆ ಬರಬೇಕು, ಯಾವ ಪಾತ್ರ ಹೇಗಿರುತ್ತದೆ, ಎಲ್ಲಿ ಗುಡುಗಿನ ಸದ್ದು ಬರುತ್ತದೆ ಎಂದು ಚಿತ್ರಗಳ ಪುಟ್ಟ ಪುಸ್ತಿಕೆ ಮೊದಲೇ ಮನೆಗೆ ಬರುತ್ತದೆ. ಇದರಲ್ಲಿ ದುಡ್ಡು ಕೇಳುವಂಥದ್ದು ತೀರಾ ಕಡಿಮೆ. ನಿಮಗೆ ಪರಿಚಯವಿರುವ ತಂಡಕ್ಕೆ ಫೋನ್ ಮಾಡಿ, ಗ್ರ್ಯಾಂಡ್ ರಿಹರ್ಸಲ್ಲಿನ ದಿನ ಇಂಥದ್ದೊಂದು ಪ್ರದರ್ಶನ ಇಡಿ ಎಂದು ಕೇಳಿ. ಹೇಗೂ ಅವತ್ತು ಸೀಟುಗಳು ಖಾಲಿ ಇರುತ್ತವೆ. ಇಂಥ ಐದಾರು ಮನೆಯವರು ಒಟ್ಟಿಗೆ ಕೇಳಿದರೆ ಇನ್ನೂ ಸುಲಭ.

ನಾವು ಮೊದಲ ಸಲ ಹಾಗೆ ಆಡಿದಾಗ ನಟರಿಗೆ ಭಯವೋ ಭಯ. ಮಾತು ಮರೆತರೆ? ಲಯ ತಪ್ಪಿದರೆ? ನಾಟಕದಲ್ಲಿ ರಾಣಿ ಮೂರು ಕಡೆ ‘ಯಾರಲ್ಲಿ? ಬಾಗಿಲು ತೆಗೆಯಿರಿ!’ ಎನ್ನುತ್ತಾಳೆ. ಮೊದಲ ಸಲ ಅಂದಾಗ, ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ಹೋಗಿ, ಅರ್ಧ ತೆರೆದಿದ್ದ ಸಭಾಂಗಣದ ದೊಡ್ಡ ಬಾಗಿಲನ್ನು ಧಡಾರನೆ ಪೂರ್ತಿ ತೆಗೆದು ಬಂದು ಕೂತ. ಎರಡನೆಯ ಸಲವೂ ಹೋಗಿ ತೆಗೆದ. ಮೂರನೆಯ ಸಲಕ್ಕೆ ನಮ್ಮ ರಾಣಿ ‘ಬಾಗಿಲು ತೆಗೆಯಿರಿ’ ಎಂದವಳು, ಹಿಂದಿನಿಂದ ಆ ಧಡಾರ್ ಸದ್ದು ಕೇಳುವವರೆಗೂ ಮುಂದಿನ ಮಾತು ಆಡದೆ ನಿಂತಿದ್ದಳು.